ಮೈಯಲ್ಲಿದ್ದರೆ ಸಾಲದು, ಮೊಬೈಲಿನಲ್ಲಿರಬೇಕು

ಕೊರೊನಾ ಕಾಲದಲ್ಲಿ ಈ ನಾಡಿನಲ್ಲಿ ಮೊದಲು ಮಾನ ಕಳೆದುಕೊಂಡದ್ದು ಮನುಷ್ಯನ ಮೈ. ಅದರ ಮಾತನ್ನು ಯಾರೂ ನಂಬದಾದರು. ಜ್ವರ ಬಂದಿದೆ ಎಂದು ಹಣೆ ಹೇಳುತ್ತಿದೆ, ಉಸಿರು ಸಾಲುತ್ತಿಲ್ಲ ಎಂದು ಎದೆ ಹೇಳುತ್ತಿದೆ, ಮಾವಿನ ಉಪ್ಪಿನಕಾಯಿ ನೆಕ್ಕಿದರೂ ನಾಲಿಗೆಗೆ ತಿಳಿಯುತ್ತಿಲ್ಲ. ಮೂವರು ಸಾಕ್ಷಿಗಳೂ ಹಾಜರಿದ್ದಾರೆ. ಕೌಂಟರಿನ ಆಚೆ ಕೂತವರದು ಮಾತ್ರ ಒಂದೇ ಪ್ರಶ್ನೆ: “ನಂಬರ್ ಬಂದಿದೆಯಾ?”

2021ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಕೋಟಾದ ಹಾಸಿಗೆ ಬೇಕೆಂದರೆ ಬಿಯು ನಂಬರ್ ಬೇಕಿತ್ತು. ಬಿಯು ನಂಬರ್ ಹುಟ್ಟಲು ಪಾಸಿಟಿವ್ ರಿಪೋರ್ಟ್ ಬೇಕು. ರಿಪೋರ್ಟ್ ಹುಡುಕಲು ಎಸ್‌ಆರ್‌ಎಫ್ ಐಡಿ ಬೇಕು. ಆ ಐಡಿ ಮೆಸೇಜಿನಲ್ಲಿ ಬರಬೇಕಾದರೆ ಗಂಟಲು ದ್ರವ ತೆಗೆದವರು ನಮ್ಮ ಮೊಬೈಲ್ ನಂಬರನ್ನು ಸರಿಯಾಗಿ ಬರೆದುಕೊಂಡಿರಬೇಕು. ಅಂದರೆ ಒಬ್ಬ ಮನುಷ್ಯನ ಆಯುಷ್ಯ ಕೊನೆಗೂ ನಿಂತಿದ್ದದ್ದು, ಪಿಪಿಇ ಕಿಟ್ಟಿನೊಳಗೆ ಬೆವರುತ್ತಿದ್ದ ಒಬ್ಬ ಹುಡುಗ ಏಳನ್ನು ಏಳರಂತೆ ಬರೆದನೋ ಒಂದರಂತೆ ಬರೆದನೋ ಎಂಬುದರ ಮೇಲೆ. ನಂಬರ್ ಬರುವ ಹೊತ್ತಿಗೆ ನಂಬರಿನವನೇ ಇಲ್ಲದ ಪ್ರಸಂಗಗಳು ಆ ತಿಂಗಳ ಪತ್ರಿಕೆಗಳಲ್ಲಿ ದಿನವೂ ಇದ್ದವು. ಅವನ್ನು ಓದಿದ ನಾವು ಮಾಡಿದ್ದೇನು? ನಮ್ಮ ನಮ್ಮ ಮೊಬೈಲ್ ಚಾರ್ಜಿಗೆ ಹಾಕಿಕೊಂಡೆವು.

ಪರೀಕ್ಷೆ ಎರಡು ಬಗೆಯದಿತ್ತು. ಬೇಕಾದವರಿಗೆ ಸಿಗದ್ದು ಒಂದು. ಬೇಡದವರನ್ನು ಅಟ್ಟಿಸಿಕೊಂಡು ಬಂದದ್ದು ಇನ್ನೊಂದು. ಜ್ವರದಲ್ಲಿ ನರಳುವವನು ಖಾಸಗಿ ಲ್ಯಾಬಿಗೆ ಫೋನ್ ಹಚ್ಚಿ, ಸರ್ಕಾರ ನಿಗದಿ ಮಾಡಿದ 800 ರೂಪಾಯಿ ಕೈಯಲ್ಲಿ ಹಿಡಿದು, “ಇವತ್ತಿನ ಸ್ಯಾಂಪಲ್ ಮುಗೀತು ಸಾರ್” ಎಂಬ ಮಾತು ಕೇಳುತ್ತಿದ್ದ. ಅದೇ ಹೊತ್ತಿಗೆ ಮಾರುಕಟ್ಟೆಗೆ ಕೊತ್ತಂಬರಿ ಸೊಪ್ಪು ತರಲು ಹೋದ ಗಟ್ಟಿಮುಟ್ಟಾದ ಆಸಾಮಿಯನ್ನು ಹಿಡಿದು ನಿಲ್ಲಿಸಿ ಮೂಗಿಗೆ ಕಡ್ಡಿ ಹಾಕುತ್ತಿದ್ದರು. ಅವರಿಗೆ ಟಾರ್ಗೆಟ್ ಇತ್ತು. ಟಾರ್ಗೆಟ್ ಮುಟ್ಟಬೇಕಾದರೆ ಮೂಗು ಬೇಕು. ಯಾರ ಮೂಗಾದರೂ ಆದೀತು. ಬೆಂಗಳೂರಿನ ನಗರ್ತಪೇಟೆಯಲ್ಲಿ ಪರೀಕ್ಷೆ ಬೇಡವೆಂದ ಹುಡುಗನಿಗೆ ಹೊಡೆದ ವಿಡಿಯೊ 2021ರ ಮೇ ತಿಂಗಳಲ್ಲಿ ಊರೆಲ್ಲ ಓಡಾಡಿತು. ಕೊರೊನಾ ಇದೆಯೋ ಇಲ್ಲವೋ ಗೊತ್ತಾಗುವ ಮೊದಲೇ ಚಿಕಿತ್ಸೆ ಸಿಕ್ಕ ಏಕೈಕ ಪ್ರಕರಣ ಅದಿರಬಹುದು.

ಮಾಸ್ಕಿನ ದಂಡದ ಕತೆಯನ್ನೂ ಇಲ್ಲೇ ಹೇಳಿ ಮುಗಿಸುತ್ತೇನೆ. 2020ರ ಅಕ್ಟೋಬರ್ ಮೊದಲಲ್ಲಿ ಪಟ್ಟಣದಲ್ಲಿ ಸಾವಿರ ರೂಪಾಯಿ ಎಂದರು. ಜನ ಬೊಬ್ಬೆ ಹೊಡೆದರು. ಕೆಲವೇ ದಿನಗಳಲ್ಲಿ ಪಟ್ಟಣಕ್ಕೆ 250, ಹಳ್ಳಿಗೆ 100 ಎಂದಾಯಿತು. ಅವೆನ್ಯೂ ರಸ್ತೆಯಲ್ಲಿ ಚೌಕಾಶಿ ಮಾಡಿ ಕೈ ಪಳಗಿದವರೂ ಮೊದಲ ಮಾತಿಗೆ ಮುಕ್ಕಾಲು ಪಾಲು ಬಿಡಿಸಿಕೊಂಡದ್ದಿಲ್ಲ.

ನೆಗೆಟಿವ್ ರಿಪೋರ್ಟಿನ ಮಹಿಮೆ ತಿಳಿಯಬೇಕಾದರೆ ಕೇರಳ ಗಡಿಯ ತಲಪಾಡಿಗೆ ಹೋಗಬೇಕಿತ್ತು. ಕಾಸರಗೋಡಿನ ಕನ್ನಡದ ಹುಡುಗರು ಮಂಗಳೂರಿನ ಕಾಲೇಜಿಗೆ, ಅವರ ಅಪ್ಪಂದಿರು ಮಂಗಳೂರಿನ ಆಸ್ಪತ್ರೆಗೆ, ಅಮ್ಮಂದಿರು ಮಂಗಳೂರಿನ ತವರಿಗೆ ಹೋಗಲು ಗಡಿ ದಾಟಬೇಕು. ಗಡಿಯಲ್ಲಿ 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ವರದಿ ತೋರಿಸಬೇಕು. ವರದಿ ಕೈಗೆ ಬರುವಾಗಲೇ ಅರ್ಧ ಆಯುಷ್ಯ ಮುಗಿದಿರುತ್ತಿತ್ತು. ಎಪ್ಪತ್ತೆರಡನೇ ಗಂಟೆಯವರೆಗೆ ಶುದ್ಧನಾಗಿದ್ದ ಮನುಷ್ಯ ಎಪ್ಪತ್ತಮೂರನೇ ಗಂಟೆಗೆ ಮೈಲಿಗೆ. ಮಡಿಯ ಲೆಕ್ಕದಲ್ಲಿ ಇಷ್ಟು ಕಟ್ಟುನಿಟ್ಟು ನಮ್ಮ ಅಜ್ಜಿಯರಿಗೂ ಸಾಧ್ಯವಾಗಿರಲಿಲ್ಲ. 2021ರ ಆಗಸ್ಟ್‌ನಲ್ಲಿ ಕೇರಳದಿಂದ ಬರುವವರಿಗೆ ಎರಡು ಡೋಸ್ ಆಗಿದ್ದರೂ ವರದಿ ಬೇಕೆಂದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮಾಲ್ ಮತ್ತು ಚಿತ್ರಮಂದಿರಕ್ಕೆ ಎರಡು ಡೋಸ್ ಕಡ್ಡಾಯ ಎಂದರು. ತಲಪಾಡಿಯಲ್ಲಿ ಲಸಿಕೆಗೆ ಕಿಮ್ಮತ್ತಿಲ್ಲ, ಮಾಲಿನ ಬಾಗಿಲಲ್ಲಿ ಲಸಿಕೆಯ ಹೊರತು ಬೇರೆ ಯಾವುದಕ್ಕೂ ಕಿಮ್ಮತ್ತಿಲ್ಲ. ಕೊಲ್ಲಿಯಿಂದ ಬಂದ ಕಾಸರಗೋಡಿನವನು ಮಂಗಳೂರಿನ ಮಾಲಿನಲ್ಲಿ ಸಿನಿಮಾ ನೋಡಬೇಕೆಂದರೆ ಒಂದು ಫೈಲು ಹೊತ್ತುಕೊಂಡೇ ಬರಬೇಕು.

ಮಾಲಿನ ಆದೇಶ ಹೊರಟ ಕಾರಣವೂ ಸ್ವಾರಸ್ಯದ್ದೇ. ದೇಶದ ಮೊದಲ ಎರಡು ಓಮೈಕ್ರಾನ್ ಪ್ರಕರಣ ಬೆಂಗಳೂರಿನಲ್ಲಿ ಸಿಕ್ಕಿವೆ ಎಂದು ಡಿಸೆಂಬರ್ 2ರಂದು ಘೋಷಣೆಯಾಯಿತು. ಎರಡರಲ್ಲಿ ಒಬ್ಬರು ದಕ್ಷಿಣ ಆಫ್ರಿಕಾದಿಂದ ಬಂದವರು. ಸರ್ಕಾರಿ ಪರೀಕ್ಷೆಯಲ್ಲಿ ಪಾಸಿಟಿವ್, ಎರಡು-ಮೂರು ದಿನಕ್ಕೆ ಖಾಸಗಿ ಲ್ಯಾಬಿನಲ್ಲಿ ನೆಗೆಟಿವ್. ಆ ಕಾಗದ ಹಿಡಿದು ಅವರು ನವೆಂಬರ್ 27ರಂದೇ ದುಬೈ ವಿಮಾನ ಹತ್ತಿದ್ದರು. ಇತ್ತ ನಾವು ಕೊತ್ತಂಬರಿ ಕೊಳ್ಳುವವನ ಮೂಗನ್ನು ಬಿಡುತ್ತಿರಲಿಲ್ಲ.

ಇನ್ನು ಲಸಿಕೆ. ಅದಕ್ಕೆ ಎರಡು ಪುಣ್ಯಕಾಲ. ಮೊದಲನೆಯದರಲ್ಲಿ ಲಸಿಕೆ ಇತ್ತು, ಹಾಕಿಸಿಕೊಳ್ಳುವವರು ಇರಲಿಲ್ಲ. 2021ರ ಮಾರ್ಚ್‌ನಲ್ಲಿ ಅರವತ್ತು ದಾಟಿದವರನ್ನು ಕರೆದರೆ, “ಮೊದಲು ಅವರು ಹಾಕಿಸ್ಕೊಳ್ಳಲಿ, ಏನಾಗತ್ತೆ ನೋಡೋಣ” ಎನ್ನುತ್ತಿದ್ದರು. ಆ ‘ಅವರು’ ಯಾರೆಂದು ಯಾರೂ ಹೇಳಲಿಲ್ಲ. ಏಪ್ರಿಲ್‌ನಲ್ಲಿ ಆಂಬುಲೆನ್ಸ್ ಸದ್ದು ಬೀದಿಗೆ ಬಂದದ್ದೇ ತಡ, ಎರಡನೇ ಪುಣ್ಯಕಾಲ ಶುರು: ಹಾಕಿಸಿಕೊಳ್ಳುವವರು ಊರು ತುಂಬ, ಲಸಿಕೆ ಮಾತ್ರ ಇಲ್ಲ.

ಹದಿನೆಂಟು ದಾಟಿದವರಿಗೆ ಮೇ 1ರಿಂದ ಲಸಿಕೆ, ಏಪ್ರಿಲ್ 28ರ ಸಂಜೆ ನಾಲ್ಕಕ್ಕೆ ನೋಂದಣಿ ಎಂದರು. ನಾಲ್ಕಕ್ಕೆ ದೇಶವೆಲ್ಲ ಒಟ್ಟಿಗೆ ಬಾಗಿಲು ತಟ್ಟಿತು. ನೋಂದಣಿಯ ಕೋವಿನ್ ಪೋರ್ಟಲ್ ಚಿಲಕ ಹಾಕಿಕೊಂಡು ಒಳಗೆ ಕೂತಿತು. ಕೊನೆಗೂ ತೆರೆದಾಗ ನೋಂದಣಿ ಯಶಸ್ವಿ ಎಂಬ ಮೆಸೇಜು ಬಂತು. ಯಶಸ್ವಿಯಾದದ್ದು ಅದೊಂದೇ. ಕರ್ನಾಟಕದಲ್ಲಿ ದಾಸ್ತಾನಿಲ್ಲದೆ ಮೇ 14ರಿಂದ 18–44ರ ವಯಸ್ಸಿನವರ ಲಸಿಕೆಯನ್ನೇ ತಾತ್ಕಾಲಿಕವಾಗಿ ನಿಲ್ಲಿಸಿದರು. ಕೋವಿನ್‌ಗೆ ಆಗ ಬರುತ್ತಿದ್ದದ್ದು ಇಂಗ್ಲಿಷ್ ಮಾತ್ರ. ಕನ್ನಡ ಮೊದಲಾದ ಭಾಷೆ ಕಲಿಯಲು ಜೂನ್‌ವರೆಗೆ ಸಮಯ ತೆಗೆದುಕೊಂಡಿತು. ಕಾಯಿಲೆ ಮಾತ್ರ ಮೊದಲ ದಿನದಿಂದಲೇ ಎಲ್ಲ ಭಾಷೆಯಲ್ಲೂ ಮಾತಾಡುತ್ತಿತ್ತು.

ಸ್ಲಾಟ್ ಹಿಡಿಯುವುದು ಒಂದು ವಿದ್ಯೆಯಾಯಿತು. ಪಿನ್‌ಕೋಡ್ ಹಾಕು, ಕ್ಯಾಪ್ಚಾ ಬರೆ, ಓಟಿಪಿ ಬರುವಷ್ಟರಲ್ಲಿ ಸ್ಲಾಟ್ ಖಾಲಿ. ಬೆಂಗಳೂರಿನ ಐಟಿ ಹುಡುಗರು ಇದನ್ನು ಆಫೀಸಿನ ಕೆಲಸದಷ್ಟೇ ಶ್ರದ್ಧೆಯಿಂದ, ಬಹುಶಃ ಇನ್ನೂ ಹೆಚ್ಚು ಶ್ರದ್ಧೆಯಿಂದ, ಮಾಡಿದರು. ತಮ್ಮ ಪಿನ್‌ಕೋಡಿನಲ್ಲಿ ಸಿಗದಿದ್ದಾಗ ಪಕ್ಕದ ಜಿಲ್ಲೆಗಳಿಗೆ ಕೈ ಚಾಚಿದರು. ಹುಟ್ಟಿದಾಗಿನಿಂದ ಡಾಕ್ಟರು ಬರಲೆಂದು ಕಾಯುತ್ತಿದ್ದ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಮುಂದೆ ಒಂದು ಬೆಳಿಗ್ಗೆ ಕೆಎ 01ರಿಂದ 05ರವರೆಗಿನ ಕಾರುಗಳು ಸಾಲುಗಟ್ಟಿದವು. ತಂಪು ಕನ್ನಡಕ, ನೀರಿನ ಬಾಟಲಿ, ಸ್ಯಾನಿಟೈಸರ್. ಇಳಿದವರು ಕೇಳಿದರು: “ಇಲ್ಲಿ ವಾಶ್‌ರೂಮ್ ಎಲ್ಲಿ?” ಊರವರು ಕೇಳಿದರು: “ನಮ್ಮೂರ ಇಂಜೆಕ್ಷನ್ ನಿಮಗ್ಯಾಕೆ?” ಇಬ್ಬರ ಪ್ರಶ್ನೆಗೂ ಅಲ್ಲಿ ಉತ್ತರವಿರಲಿಲ್ಲ. ನರ್ಸಮ್ಮ ಮೊಬೈಲ್ ನೋಡಿ, “ಸ್ಲಾಟ್ ಇವರದ್ದೇ ಇದೆ” ಎಂದರು. ಆಸ್ಪತ್ರೆಯ ಗೋಡೆಗೆ ಮನೆ ತಾಗಿದ್ದ ಅಜ್ಜನಿಗೆ ಸ್ಲಾಟ್ ಇಲ್ಲ, ಎಂಬತ್ತು ಕಿಲೋಮೀಟರ್ ಆಚೆಯ ಪಿನ್‌ಕೋಡಿಗೆ ಇದೆ. ಹಳ್ಳಿಗೆ ಸೌಲಭ್ಯ ಒದಗಿಸುವುದೆಂದರೆ ಪಟ್ಟಣದವರು ಬಂದು ಬಳಸಿಕೊಂಡು ಹೋಗುವುದು ಎಂದು ಆವತ್ತು ಅಜ್ಜನಿಗೆ ಅರ್ಥವಾಗಿರಬೇಕು. ರೆಸಾರ್ಟ್‌ಗಳನ್ನು ನೋಡಿದ್ದವನಿಗೆ ಹೊಸದೇನೂ ಅಲ್ಲ.

ಪಟ್ಟಣದ ವಾರ್ಡಿನಲ್ಲಿ ಆ್ಯಪಿಗಿಂತ ಹಳೆಯ ತಂತ್ರಜ್ಞಾನವೊಂದು ಚಾಲ್ತಿಯಲ್ಲಿತ್ತು: ಟೋಕನ್. ಬೆಳಿಗ್ಗೆ ಐದಕ್ಕೆ ಹೋಗಿ ನಿಂತರೂ ಟೋಕನ್ ಹಿಂದಿನ ರಾತ್ರಿಯೇ ಖರ್ಚಾಗಿರುತ್ತಿತ್ತು. ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದಿದ್ದರಿಂದ ಕಾನೂನಿನ ಪ್ರಕಾರ ನಗರದಲ್ಲಿ ಆಗ ಕಾರ್ಪೊರೇಟರ್‌ಗಳೇ ಇರಲಿಲ್ಲ. ಇಲ್ಲದವರ ಕಡೆಯವರು ಇಲ್ಲದ ಲಸಿಕೆಗೆ ಟೋಕನ್ ಹಂಚಿದರು. ವೇದಾಂತದ ಪಾಠ ಮಾಡುವವರು ಉದಾಹರಣೆಗೆ ಹಗ್ಗ-ಹಾವನ್ನು ಬಿಟ್ಟು ಇದನ್ನೇ ಬಳಸಬಹುದು.

ಎಲ್ಲರಿಗೂ ಹೀಗೆ ಕಷ್ಟವಾಯಿತೆಂದೇನಿಲ್ಲ. 2021ರ ಮಾರ್ಚ್ 2ರಂದು ಅಂದಿನ ಕೃಷಿ ಸಚಿವ ಬಿ.ಸಿ. ಪಾಟೀಲರು ಹಿರೇಕೆರೂರಿನ ತಮ್ಮ ಮನೆಯಲ್ಲೇ ಕೂತು ಲಸಿಕೆ ಹಾಕಿಸಿಕೊಂಡರು. ಕೇಂದ್ರ ಸರ್ಕಾರ ವರದಿ ಕೇಳಿತು. ನಿಯಮ ಮುರಿದದ್ದಕ್ಕೆ ಕೊನೆಗೆ ಅಮಾನತಾದದ್ದು ತಾಲ್ಲೂಕು ಆರೋಗ್ಯಾಧಿಕಾರಿ. ಅದೇ ವರ್ಷದ ನವೆಂಬರ್‌ನಲ್ಲಿ ಮನೆ ಮನೆಗೆ ಹೋಗಿ ಲಸಿಕೆ ಹಾಕುವ ಅಭಿಯಾನ ದೇಶದಾದ್ಯಂತ ಆರಂಭವಾಯಿತು. ನ್ಯಾಯವಾಗಿ ನೋಡಿದರೆ ಆ ಅಧಿಕಾರಿ ಮಾಡಿದ ತಪ್ಪು ಒಂದೇ, ಎಂಟು ತಿಂಗಳು ಮೊದಲು ಮಾಡಿದ್ದು. ಸರ್ಕಾರಿ ಸೇವೆಯಲ್ಲಿ ಮುಂಚಿತವಾಗಿ ಕೆಲಸ ಮುಗಿಸುವುದು ಅಪಾಯಕಾರಿ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಎರಡನೇ ಡೋಸಿನ ಅಂತರದ ಬಗ್ಗೆ ವಿಜ್ಞಾನಿಗಳು ಏನೇನು ಹೇಳಿದರೋ, ನಮಗೆ ಗೊತ್ತಾದದ್ದು ಇಷ್ಟು: ಕೋವಿಶೀಲ್ಡ್‌ಗೆ ಮೊದಲು 4ರಿಂದ 6 ವಾರ, ಮಾರ್ಚ್‌ನಲ್ಲಿ 6ರಿಂದ 8 ವಾರ, ಲಸಿಕೆ ತೀರಾ ತತ್ವಾರವಾದ ಮೇ ತಿಂಗಳಲ್ಲಿ 12ರಿಂದ 16 ವಾರ. ಅಂತರ ಹೆಚ್ಚಾದರೆ ಪ್ರತಿಕಾಯ ಚೆನ್ನಾಗಿ ಹುಟ್ಟುತ್ತದೆ ಎಂಬುದಕ್ಕೆ ವಿದೇಶದ ಅಧ್ಯಯನದ ಆಧಾರವೂ ಇತ್ತು, ಇಲ್ಲವೆನ್ನುತ್ತಿಲ್ಲ. ಸತ್ಯಕ್ಕೂ ಗೋದಾಮಿಗೂ ಇಷ್ಟು ಚೆನ್ನಾಗಿ ಹೊಂದಾಣಿಕೆಯಾದದ್ದು ಕಂಡು ಸಂತೋಷಪಟ್ಟೆ, ಅಷ್ಟೆ. ಜೂನ್‌ನಲ್ಲಿ ಇನ್ನೊಂದು ವಿನಾಯಿತಿ ಬಂತು. ಓದಲು, ಕೆಲಸಕ್ಕೆ ವಿದೇಶಕ್ಕೆ ಹೋಗುವವರು ಮತ್ತು ಒಲಿಂಪಿಕ್ಸ್‌ಗೆ ಹೊರಟವರು 28 ದಿನಕ್ಕೇ ಎರಡನೇ ಡೋಸ್ ತೆಗೆದುಕೊಳ್ಳಬಹುದು. ವೀಸಾ ಇರುವವನ ಮೈಯಲ್ಲಿ ನಾಲ್ಕು ವಾರಕ್ಕೆ ಆಗುವ ಕೆಲಸ ರೇಷನ್ ಕಾರ್ಡ್ ಇರುವವನ ಮೈಯಲ್ಲಿ ಆಗಲು ಮೂರು ತಿಂಗಳು ಬೇಕು. ಪಾಸ್‌ಪೋರ್ಟ್‌ಗೆ ಪೊಲೀಸ್ ವೆರಿಫಿಕೇಶನ್ ಮಾಡುವಾಗ ಪ್ರತಿಕಾಯವನ್ನೂ ವಿಚಾರಿಸಿ ಹೋಗುತ್ತಾರೆಂದು ಕಾಣುತ್ತದೆ.

ಇಷ್ಟೆಲ್ಲ ದಾಟಿ ಕೈಗೆ ಬಂದದ್ದು ಸರ್ಟಿಫಿಕೇಟ್. ನಮ್ಮ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಎರಡೂ ಡೋಸ್ ಆದ ಮೇಲೆ ಅವರು ಮಾಡಿದ ಮೊದಲ ಕೆಲಸ ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಮಾಡಿಸಿದ್ದು. ಅವರ ಮದುವೆಯ ಫೋಟೊಗೇ ಇನ್ನೂ ಲ್ಯಾಮಿನೇಷನ್ ಆಗಿಲ್ಲ. ಅವರಿಗೆ ಇದ್ದ ಒಂದೇ ಕೊರಗು: “ಚುಚ್ಚಿಸ್ಕೊಂಡಿದ್ದು ನಾನು, ಫೋಟೊ ಮಾತ್ರ ನನ್ನದಲ್ಲವಲ್ಲ ಸ್ವಾಮಿ.” ನಾನು ಸಮಾಧಾನ ಹೇಳಿದೆ: ಕೇರಳದಲ್ಲಿ ಒಬ್ಬರು ಇದೇ ಕೊರಗನ್ನು ಹೈಕೋರ್ಟಿಗೆ ಒಯ್ದಿದ್ದರು, 2021ರ ಡಿಸೆಂಬರ್‌ನಲ್ಲಿ ಅರ್ಜಿ ವಜಾ ಮಾಡಿ ಒಂದು ಲಕ್ಷ ರೂಪಾಯಿ ದಂಡ ಹಾಕಿದರು. ಮೇಷ್ಟ್ರು ಆಮೇಲೆ ಆ ಫೋಟೊವನ್ನು ಹೊಸ ಗೌರವದಿಂದ ನೋಡತೊಡಗಿದರು. ಲಕ್ಷ ರೂಪಾಯಿ ಬೆಲೆಯ ಚಿತ್ರ ಅವರ ಮನೆಯಲ್ಲಿ ಬೇರೆ ಇರಲಿಲ್ಲ.

2021ರ ಸೆಪ್ಟೆಂಬರ್ 17, ಪ್ರಧಾನಿಯವರ ಹುಟ್ಟುಹಬ್ಬ. ಆವತ್ತು ಒಂದೇ ದಿನ ದೇಶದಲ್ಲಿ ಎರಡೂವರೆ ಕೋಟಿ ಡೋಸ್. ಹಿಂದಿನ ದಿನವೂ ಮರುದಿನವೂ ಜನರಿಗೆ ತೋಳು ಇದ್ದವು. ಆದರೆ ಹುಟ್ಟುಹಬ್ಬ ಇರಲಿಲ್ಲ. ಲೆಕ್ಕ ಓಡಿದ ವೇಗಕ್ಕೆ ಕೆಲವು ಕಡೆ ಸತ್ತವರಿಗೂ ಎರಡನೇ ಡೋಸ್ ಆಯಿತು. ಏಪ್ರಿಲ್‌ನಲ್ಲಿ ತೀರಿಕೊಂಡ ಅಪ್ಪನಿಗೆ ಆರು ತಿಂಗಳ ಮೇಲೆ “ಯಶಸ್ವಿಯಾಗಿ ಲಸಿಕೆ ನೀಡಲಾಗಿದೆ” ಎಂಬ ಮೆಸೇಜು ಬಂದ ಸುದ್ದಿಗಳು ಒಂದೆರಡಲ್ಲ. ಮಕ್ಕಳು ಗಾಬರಿಯಾದರಂತೆ. ಯಾಕೆ ಗಾಬರಿ? ಬದುಕಿದ್ದಾಗ ಹಾಸಿಗೆಗಾಗಿ ನಂಬರ್ ಕೇಳಿದಾಗ ಪತ್ತೆಯಾಗದ ಮನುಷ್ಯ ಕೊನೆಗೂ ಸರ್ಕಾರದ ಕಣ್ಣಿಗೆ ಬಿದ್ದನಲ್ಲ.

ನಮ್ಮ ಕಾಗದಪ್ರೇಮವನ್ನು ನಾವೇ ಹಂಗಿಸಿಕೊಳ್ಳಬೇಕಾಗಿಲ್ಲ, ಗುರುಗಳು ಲಂಡನ್ನಿನಲ್ಲಿದ್ದಾರೆ. ಆ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಸರ್ಕಾರ ಹೇಳಿದ್ದೇನು? ಕೋವಿಶೀಲ್ಡ್ ಬಗ್ಗೆ ತಕರಾರಿಲ್ಲ, ನಿಮ್ಮ ಸರ್ಟಿಫಿಕೇಟ್ ಬಗ್ಗೆ ತಕರಾರು. ಲಸಿಕೆಯ ಮೂಲ ಅವರ ಆಕ್ಸ್‌ಫರ್ಡಿನದ್ದೇ. ಆದ್ದರಿಂದ ಮೈಯೊಳಗಿನದು ಸರಿ, ಜೇಬಿನೊಳಗಿನದು ಸರಿಯಿಲ್ಲ. ಇಲ್ಲಿಂದ ಎರಡು ಡೋಸ್ ಹಾಕಿಸಿಕೊಂಡು ಹೋದ ಕನ್ನಡದ ಅಪ್ಪ-ಅಮ್ಮಂದಿರು ಮಗನ ಮನೆಯಲ್ಲಿ ಹತ್ತು ದಿನ ಕ್ವಾರಂಟೈನ್. ನಾವೂ ಬಿಡಲಿಲ್ಲ, ಅಲ್ಲಿಂದ ಬರುವವರಿಗೆ ಇಲ್ಲಿ ಹತ್ತು ದಿನ ಹಾಕಿದೆವು. ಅಕ್ಟೋಬರ್‌ನಲ್ಲಿ ಇಬ್ಬರೂ ರಾಜಿಯಾದರು. ಅಷ್ಟು ದಿನವೂ ಲಸಿಕೆ ತನ್ನ ಪಾಡಿಗೆ ಮೈಯೊಳಗೆ ಕೆಲಸ ಮಾಡುತ್ತಿತ್ತು. ಅದನ್ನು ಯಾರೂ ವಿಚಾರಿಸಲಿಲ್ಲ.

ತೆರೆಯುವ ಸಂಭ್ರಮ, ಅಂದರೆ ಅನ್‌ಲಾಕ್, ಬಂದಾಗ ವೈರಸ್ಸು ನಿಯಮಪಾಲಕ ಎಂಬುದು ಖಚಿತವಾಯಿತು. ದೇವಸ್ಥಾನದಲ್ಲಿ ದರ್ಶನಕ್ಕೆ ಬರುವುದಿಲ್ಲ, ಸೇವೆ ಮಾಡಿಸಿದರೆ ಬರುತ್ತದೆ. ಹೋಟೆಲಿನಲ್ಲಿ ಬಾಗಿಲಿನಿಂದ ಟೇಬಲ್‌ವರೆಗೆ ನಡೆಯುವಾಗ ಬರುತ್ತದೆ, ಮಾಸ್ಕ್ ತೆಗೆದು ದೋಸೆ ತಿನ್ನುವ ಅರ್ಧ ಗಂಟೆ ಬರುವುದಿಲ್ಲ. 2022ರ ಜನವರಿಯಲ್ಲಿ ಮದುವೆಗೆ ಬಯಲಿನಲ್ಲಾದರೆ 200 ಜನ, ಛತ್ರದೊಳಗಾದರೆ 100. ಛತ್ರದ ಬಾಗಿಲಲ್ಲಿ ನಿಂತ ಹುಡುಗಿಯ ಸೋದರಮಾವ ಕೈಯಲ್ಲಿ ಪಟ್ಟಿ ಹಿಡಿದು, ಯಾವ ನೆಂಟ ನೂರರೊಳಗೆ, ಯಾವ ನೆಂಟ ನೂರರಾಚೆ ಎಂದು ವಿಂಗಡಿಸುತ್ತಿದ್ದ. ವರ್ಷಗಟ್ಟಲೆ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಪಟ್ಟಿಗೆ ಸರ್ಕಾರಿ ಮುದ್ರೆ ಬಿದ್ದ ಸಂತೋಷ ಅವನ ಮುಖದಲ್ಲಿತ್ತು.

ರಾತ್ರಿ ಕರ್ಫ್ಯೂ ಬಗ್ಗೆ ಎಲ್ಲರೂ ಜೋಕು ಮಾಡಿ ಮುಗಿಸಿದ್ದಾರೆ. ನಾನು ದಾಖಲೆ ಮಾತ್ರ ಓದುತ್ತೇನೆ. 2020ರ ಡಿಸೆಂಬರ್ 23ರಂದು ರಾಜ್ಯದಲ್ಲಿ ರಾತ್ರಿ ಕರ್ಫ್ಯೂ ಘೋಷಣೆ. ದಿನ ಬದಲಾಯಿತು, ಗಂಟೆ ಬದಲಾಯಿತು, 24ರ ಸಂಜೆ, ಜಾರಿಯಾಗುವ ಮೊದಲೇ, ವಾಪಸಾಯಿತು. 2021ರ ಏಪ್ರಿಲ್ 10ರಿಂದ ಎಂಟು ಊರುಗಳಲ್ಲಿ ಕೊರೊನಾ ಕರ್ಫ್ಯೂ. ಅದರಲ್ಲಿ ಬೀದರ್ ಒಂದು. ಅದೇ ಜಿಲ್ಲೆಯ ಬಸವಕಲ್ಯಾಣದಲ್ಲಿ ಏಪ್ರಿಲ್ 17ಕ್ಕೆ ಉಪಚುನಾವಣೆ. ಜಿಲ್ಲಾ ಕೇಂದ್ರದಲ್ಲಿ ರಾತ್ರಿ ಹತ್ತರ ಮೇಲೆ ಒಬ್ಬ ಹೊರಗೆ ಬಂದರೆ ಸೋಂಕು, ಪಕ್ಕದ ತಾಲ್ಲೂಕಿನಲ್ಲಿ ಹಾಡುಹಗಲು ಸಾವಿರ ಜನ ಸೇರಿದರೆ ಪ್ರಚಾರ. ಆ ತಿಂಗಳ ಮೊದಲ ದಿನ ‘ಯುವರತ್ನ’ ಸಿನಿಮಾ ಬಿಡುಗಡೆಯಾಯಿತು; ಮರುದಿನವೇ ಚಿತ್ರಮಂದಿರಕ್ಕೆ ಅರ್ಧ ಸೀಟಿನ ಆದೇಶ. ಆಡಳಿತ ಪಕ್ಷವನ್ನಷ್ಟೇ ಬೈದರೆ ಪಕ್ಷಪಾತವಾದೀತು. 2022ರ ಜನವರಿಯ ವಾರಾಂತ್ಯದ ಕರ್ಫ್ಯೂನಲ್ಲಿ, ಭಾನುವಾರವೇ, ಕಾಂಗ್ರೆಸ್ಸಿನವರು ಮೇಕೆದಾಟು ಪಾದಯಾತ್ರೆ ಹೊರಟರು. ಪರೀಕ್ಷೆ ಮಾಡಲು ಬಂದ ಅಧಿಕಾರಿಯನ್ನು ಡಿ.ಕೆ. ಶಿವಕುಮಾರ್ ಗದರಿ ಕಳಿಸಿದರು. ಕೊತ್ತಂಬರಿಯವನಿಗೆ ಆ ಧೈರ್ಯ ಇರಲಿಲ್ಲ.

ನಗುವುದಕ್ಕೆ ಆಗದ ಒಂದು ಕಾಗದವೂ ಇದೆ. 2021ರ ಮೇ 2–3ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ಜನ ಸತ್ತರು. ಆಮ್ಲಜನಕ ಇಲ್ಲದೆ ಸತ್ತವರು ಮೂವರೇ ಎಂದು ಸರ್ಕಾರ ಮೊದಲು ಹೇಳಿತು. ಜುಲೈ 20ರಂದು ರಾಜ್ಯಸಭೆಯಲ್ಲಿ ಕೇಂದ್ರ ಸರ್ಕಾರ ಕೊಟ್ಟ ಉತ್ತರದಲ್ಲಿ ಆ ಮೂವರೂ ಇಲ್ಲ: ಆಮ್ಲಜನಕದ ಕೊರತೆಯಿಂದಲೇ ಸಾವು ಸಂಭವಿಸಿದೆಯೆಂದು ಯಾವ ರಾಜ್ಯವೂ ನಿರ್ದಿಷ್ಟವಾಗಿ ವರದಿ ಮಾಡಿಲ್ಲ. ಅದು ಸುಳ್ಳಲ್ಲ. ನಮೂನೆಯಲ್ಲಿ ಆ ಕಾಲಂ ಇರಲಿಲ್ಲ. ಮೈ ಸತ್ತಿತ್ತು, ಆದರೆ ಮೈಯ ಮಾತಿಗೆ ಬೆಲೆ ಹೋಗಿ ಎಷ್ಟೋ ದಿನವಾಗಿತ್ತಲ್ಲ. ಕೆಲವು ತಿಂಗಳು ಕಳೆದ ಮೇಲೆ ಅದೇ ಜಿಲ್ಲೆಯ ಆಡಳಿತ, ಲಸಿಕೆ ಹಾಕಿಸಿಕೊಳ್ಳದವರಿಗೆ ಪಡಿತರ ಇಲ್ಲ ಎಂದು ಸಾರಿತು. ಜನರ ಜೀವದ ಮೇಲೆ ಅಷ್ಟು ಕಾಳಜಿ.

ಆಮೇಲೆ ಎಲ್ಲ ಮರೆತೆವು. ಮಾಸ್ಕು ಬೈಕಿನ ಕನ್ನಡಿಗೆ ನೇತಾಡಿ ಕೊನೆಗೆ ಚೈನು ಒರೆಸುವ ಬಟ್ಟೆಯಾಯಿತು. 2024ರ ಏಪ್ರಿಲ್ ಕೊನೆಗೆ ಕೋವಿಶೀಲ್ಡ್ ಮಾದರಿಯ ಲಸಿಕೆಯಿಂದ ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಬಹುದೆಂದು ಕಂಪನಿಯೇ ಲಂಡನ್ ಕೋರ್ಟಿನಲ್ಲಿ ಒಪ್ಪಿಕೊಂಡಿದೆ ಎಂಬ ಸುದ್ದಿ ಬಂತು. ಮೂರು ವರ್ಷ ಹಿಂದೆ ಚುಚ್ಚಿಸಿಕೊಂಡವರೆಲ್ಲ ತೋಳು ಮುಟ್ಟಿ ನೋಡಿಕೊಂಡರು, ಸರ್ಟಿಫಿಕೇಟ್ ತೆರೆದರು. ಅಲ್ಲಿ ಫೋಟೊ ಮಾಯ! ಲೋಕಸಭಾ ಚುನಾವಣೆಯ ನೀತಿಸಂಹಿತೆಗಾಗಿ ತೆಗೆದದ್ದು ಎಂದರು. ಸರಿಯೇ ಇರಬೇಕು. ನೀತಿಸಂಹಿತೆಗೂ ಗಳಿಗೆ ನೋಡಿ ಬರುವ ಅಭ್ಯಾಸ ಇದೆ.

2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯಿಂದ ಒಂದಾದ ಮೇಲೊಂದು ಹೃದಯಾಘಾತದ ಸುದ್ದಿ. ಲಸಿಕೆಗೆ ಅವಸರದಲ್ಲಿ ಅನುಮೋದನೆ ಕೊಟ್ಟದ್ದೂ ಕಾರಣವಿರಬಹುದು ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಹೇಳಿದರು. ಅಧ್ಯಯನಗಳಲ್ಲಿ ಅಂಥ ಸಂಬಂಧ ಕಂಡಿಲ್ಲ ಎಂದು ಕೇಂದ್ರ ಹೇಳಿತು. ರಾಜ್ಯವೇ ನೇಮಿಸಿದ ತಜ್ಞರ ಸಮಿತಿಯೂ ಸಂಬಂಧವಿಲ್ಲ ಎಂದೇ ವರದಿ ಕೊಟ್ಟಿತು. ವರದಿ ಓದುವ ವ್ಯವಧಾನ ಯಾರಿಗಿದೆ? ಬೀಡಿ, ಬೋಂಡ, ಬಿಪಿ, ಶುಗರ್ ಎಲ್ಲ ನಿರಪರಾಧಿಗಳಾದವು. ಹೃದ್ರೋಗ ಆಸ್ಪತ್ರೆಗಳ ಮುಂದೆ ನಸುಕಿಗೇ ಸರತಿ. ನಮ್ಮ ಮೇಷ್ಟ್ರೂ ಲ್ಯಾಮಿನೇಷನ್ ಮಾಡಿಸಿದ ಸರ್ಟಿಫಿಕೇಟ್ ಕಂಕುಳಲ್ಲಿಟ್ಟುಕೊಂಡು ಹೋದರು. ಸರತಿಯಲ್ಲಿ ಮುಂದಿದ್ದವರು ತಿರುಗಿ, ಊರು ಯಾವುದು, ಹೆಸರೇನು ಎಂದು ಕೇಳುವ ಮೊದಲೇ, “ನಿಮ್ಮದು ಕೋವಿಶೀಲ್ಡಾ, ಕೋವ್ಯಾಕ್ಸಿನ್ನಾ?” ಎಂದರಂತೆ.

ಇಸಿಜಿ ಆಯಿತು, ಎಕೋ ಆಯಿತು. ಡಾಕ್ಟರು, “ಏನೂ ತೊಂದರೆ ಇಲ್ಲ ಮೇಷ್ಟ್ರೇ, ಹೃದಯ ಗಟ್ಟಿಯಾಗಿದೆ, ಆರಾಮಾಗಿ ಮನೆಗೆ ಹೋಗಿ” ಎಂದರು.

ಮೇಷ್ಟ್ರು ಏಳಲಿಲ್ಲ. “ಹಾಗಂತ ಒಂದು ಸರ್ಟಿಫಿಕೇಟ್ ಕೊಟ್ಟುಬಿಡಿ ಸಾರ್. ಕ್ಯೂಆರ್ ಕೋಡ್ ಇದ್ದರೆ ಒಳ್ಳೆಯದು.”